ಹಾಡು ಒಂದೇ, ಮೆರವಣಿಗೆ ಯಾಕೆ ಎರಡು?

ಪ್ರಶ್ನೆ: ನಾನು ಬೆಂಗಳೂರಿನ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಹೋದ ಮೇ ಒಂದನೇ ತಾರೀಖು ಎರಡು ಮೆರವಣಿಗೆ ನೋಡಿದೆ. ಎರಡರಲ್ಲೂ ಕೆಂಬಾವುಟ, ಎರಡರಲ್ಲೂ ಅವೇ ಘೋಷಣೆ. ಕೊನೆಗೆ ಎರಡೂ ಕಡೆ ಮುಷ್ಟಿ ಎತ್ತಿ ಅದೇ ‘ಇಂಟರ್‌ನ್ಯಾಷನಲ್’ ಹಾಡು. ಆದರೆ ಇವರ ಸಭೆಗೆ ಅವರು ಬರಲ್ಲ, ಅವರ ಸಭೆಗೆ ಇವರು ಹೋಗಲ್ಲ. ಹಾಡು ಜನರನ್ನು ಒಂದು ಮಾಡುತ್ತೆ ಅಂತಾರಲ್ಲ, ಅದು ಸುಳ್ಳಾ? ನಮ್ಮ ಸಂಘದ ಕಾರ್ಯಕ್ರಮಕ್ಕೆ ಎರಡೂ ಕಡೆಯವರನ್ನು ಕರೆದಿದ್ದೇವೆ. ಆ ಹಾಡು ಹಾಡಿಸಬಹುದಾ, ಇಲ್ಲಾ ‘ಇದು ನಮ್ಮದು’ ಅಂತ ಜಗಳ ಆಗುತ್ತಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಹಾಡಿಸಿ. ಖಂಡಿತ ಹಾಡಿಸಿ. ಹೇಗೆ ಹಾಡಿಸಬೇಕು ಅಂತ ಕೊನೆಗೆ ಹೇಳುತ್ತೇನೆ, ಯಾಕೆಂದರೆ ಅದಕ್ಕೆ ಮೊದಲು ಈ ಹಾಡಿನ ಕತೆ ನಿಮಗೆ ಗೊತ್ತಿರಬೇಕು.

ಹಾಡು ಜನರನ್ನು ಒಂದು ಮಾಡುತ್ತದೆ ಅನ್ನುವುದು ಸುಳ್ಳಲ್ಲ. ಆದರೆ ಹಾಡುವ ಆ ಐದು ನಿಮಿಷ ಮಾತ್ರ ಒಂದು ಮಾಡುತ್ತದೆ. ಅದೇನು ಸಣ್ಣದಲ್ಲ, ನಾನೂ ಗುಂಪಿನಲ್ಲಿ ನಿಂತು ಹಾಡಿದವನು, ಆ ಐದು ನಿಮಿಷದ ಬೆಲೆ ಗೊತ್ತು. ಹಾಡು ಮುಗಿದ ಮೇಲೆ ಚುನಾವಣೆ ಇರುತ್ತದೆ, ಸರ್ಕಾರ ಇರುತ್ತದೆ, ಯುದ್ಧ ಇರುತ್ತದೆ, ಯಾರ ಜೊತೆ ಮಾತುಕತೆಗೆ ಕೂರಬೇಕು ಅನ್ನುವ ತಕರಾರು ಇರುತ್ತದೆ. ಅದನ್ನೆಲ್ಲ ಹಾಡು ಬಗೆಹರಿಸುವುದಿಲ್ಲ. ಇಷ್ಟು ವರ್ಷ ಕಾರ್ಮಿಕರ ಹಾಡುಗಳ ಹಿಂದೆ ಬಿದ್ದು ನಾನು ಕಲಿತದ್ದು ಇಷ್ಟು: ಎಡಪಂಥದಲ್ಲಿ ಒಡಕು ಎಲ್ಲಿದೆ ಅಂತ ತಿಳಿಯಬೇಕಾದರೆ ಅವರ ಠರಾವುಗಳನ್ನು ಓದುವುದಕ್ಕಿಂತ ಅವರ ಹಾಡನ್ನು ಕಿವಿಗೊಟ್ಟು ಕೇಳುವುದು ಒಳ್ಳೆಯದು. ಯಾವ ಚರಣ ಬಿಟ್ಟು ಹಾಡುತ್ತಾರೆ, ಯಾವ ಪದ ಬದಲಾಯಿಸಿದ್ದಾರೆ, ಅಲ್ಲಿ ಒಡಕು ಇರುತ್ತದೆ.

ನೀವು ಟೈಲರ್ ಅಂದಿರಿ. ಈ ಹಾಡು ಹುಟ್ಟಿದ್ದೂ ಬಟ್ಟೆಯ ಕೆಲಸದವರ ನಡುವೆಯೇ. ಬರೆದವನು ಯೂಜೀನ್ ಪೊತಿಯೇ ಅನ್ನುವ ಪ್ಯಾರಿಸ್ಸಿನವನು. ಬಟ್ಟೆಗೆ ಡಿಸೈನ್ ಬರೆಯುವುದು ಅವನ ಕಸುಬು. 1871ರಲ್ಲಿ ಪ್ಯಾರಿಸ್ಸಿನ ಕೆಲಸಗಾರರು ನಗರವನ್ನು ತಾವೇ 72 ದಿನ ಆಳಿದರು, ಅದನ್ನು ಪ್ಯಾರಿಸ್ ಕಮ್ಯೂನ್ ಅನ್ನುತ್ತಾರೆ. ಪೊತಿಯೇ ಅದಕ್ಕೆ ಚುನಾಯಿತನಾಗಿದ್ದ. ಮೇ ಕೊನೆಯ ವಾರ ಸೈನ್ಯ ನುಗ್ಗಿ ಸಾವಿರಾರು ಜನರನ್ನು ಕೊಂದಿತು. ಉಳಿದವರು ಅಡಗಿಕೊಂಡರು. ಹಾಗೆ ಅಡಗಿಕೊಂಡಿದ್ದಾಗ, ಜೂನ್ ತಿಂಗಳಲ್ಲಿ, ಅವನು ಈ ಪದ್ಯ ಬರೆದ. ಆಮೇಲೆ ಇಂಗ್ಲೆಂಡ್, ಅಮೆರಿಕ ಅಂತ ದೇಶ ಬಿಟ್ಟು ಅಲೆದ, ಕ್ಷಮಾದಾನ ಸಿಕ್ಕಿದ ಮೇಲೆ 1880ರಲ್ಲಿ ವಾಪಸ್ ಬಂದ, 1887ರ ನವೆಂಬರ್‌ನಲ್ಲಿ ಬಡವನಾಗಿಯೇ ತೀರಿಕೊಂಡ. ತನ್ನ ಪದ್ಯಕ್ಕೆ ಈಗಿರುವ ಧಾಟಿಯನ್ನು ಅವನು ಕೇಳಲೇ ಇಲ್ಲ.

ಧಾಟಿ ಕಟ್ಟಿದ್ದು ಫ್ರಾನ್ಸಿನ ಉತ್ತರದ ಲೀಲ್ ಪಟ್ಟಣದ ಪಿಯೇರ್ ದಜೆತೇರ್. ನೇಕಾರಿಕೆ ಕಾರ್ಖಾನೆಯವರ ಮನೆಯ ಹುಡುಗ. ಚಿಕ್ಕ ವಯಸ್ಸಿಗೇ ಮಿಲ್ಲಿಗೆ ಹೋದವನು, ಆಮೇಲೆ ರೈಲು ಎಂಜಿನ್ ಮಾಡುವ ಕಾರ್ಖಾನೆಯಲ್ಲಿ ಮರದ ಅಚ್ಚು ಕೆತ್ತುವ ಕೆಲಸ. ಸಂಜೆ ತರಗತಿಗೆ ಹೋಗಿ ಸಂಗೀತ ಕಲಿತ. ಲೀಲ್‌ನಲ್ಲಿ ಕಾರ್ಮಿಕರದ್ದೇ ಒಂದು ಗಾಯನ ತಂಡ ಇತ್ತು, ‘ಕೆಲಸಗಾರರ ವೀಣೆ’ ಅನ್ನಬಹುದಾದ ಹೆಸರು ಅದಕ್ಕೆ. 1888ರ ಜೂನ್‌ನಲ್ಲಿ ಅಲ್ಲಿನ ಸಮಾಜವಾದಿ ಮುಖಂಡ ಗುಸ್ತಾವ್ ದೆಲೋರಿ ಪೊತಿಯೇಯ ಪದ್ಯಗಳ ಪುಸ್ತಕ ತಂದು ಇವನ ಕೈಗಿಟ್ಟ, ನಮ್ಮ ತಂಡಕ್ಕೆ ಇದರಲ್ಲೊಂದು ಹಾಡು ಮಾಡಿಕೊಡು ಅಂದ. ಪಿಯೇರ್ ಮನೆಯಲ್ಲಿ ಹಾರ್ಮೋನಿಯಂ ಮುಂದೆ ಕೂತು ಮಟ್ಟು ಹಾಕಿದ. ಜುಲೈನಲ್ಲಿ ಪೇಪರ್ ಮಾರುವವರ ಸಂಘದ ಸಮಾರಂಭದಲ್ಲಿ ಮೊದಲ ಸಲ ಹಾಡಿದರು. ನೋಡಿ, ಜಗತ್ತಿನ ಅರ್ಧ ಭಾಗ ಮುಂದೆ ಹಾಡಿದ ಹಾಡು ಶುರುವಾದದ್ದು ಅಂಥ ಸಣ್ಣ ಜಾಗದಲ್ಲಿ.

6000 ಹಾಳೆ ಅಚ್ಚು ಹಾಕಿಸಿದರು. ಅದರ ಮೇಲೆ ಸಂಗೀತ ‘ದಜೆತೇರ್’ ಅಂತ ಮನೆತನದ ಹೆಸರು ಮಾತ್ರ ಹಾಕಿದರು, ‘ಪಿಯೇರ್’ ಹಾಕಲಿಲ್ಲ. ಯಾಕೆಂದರೆ ಪೂರ್ತಿ ಹೆಸರು ಕಂಡರೆ ಕಾರ್ಖಾನೆಯವರು ಕೆಲಸದಿಂದ ತೆಗೆಯುತ್ತಾರೆ ಅನ್ನುವ ಭಯ. ಗಾರ್ಮೆಂಟ್ಸ್‌ನಲ್ಲಿ ಸಂಘ ಕಟ್ಟಿದವರಿಗೆ ಈ ಭಯ ನಾನು ವಿವರಿಸಬೇಕಾಗಿಲ್ಲ, ಅಲ್ವಾ? ಕೊನೆಗೂ ಗೊತ್ತಾಯಿತು, ಕೆಲಸ ಹೋಯಿತು, ಸಿಕ್ಕ ಸಿಕ್ಕ ಮರಗೆಲಸ ಮಾಡಿ, ಶವಪೆಟ್ಟಿಗೆ ಮಾಡಿಕೊಟ್ಟು ಹೊಟ್ಟೆ ಹೊರೆಯುವ ಹಾಗಾಯಿತು.

ಆ ಹಾಳೆಯ ಮೇಲೆ ಬಿಟ್ಟುಹೋದ ಆ ಒಂದು ಪದ ಮುಂದೆ ಏನು ಮಾಡಿತು ನೋಡಿ. ಪಿಯೇರ್‌ಗೆ ಒಬ್ಬ ತಮ್ಮ, ಅಡಾಲ್ಫ್. ಅವನೂ ದಜೆತೇರ್ ತಾನೇ? ಹಾಡು ಹೆಸರು ಮಾಡಿತು, ಹಾಳೆಗಳು ಸಾವಿರಗಟ್ಟಲೆ ಮಾರಾಟ ಆದವು. ಅಷ್ಟರಲ್ಲಿ ದೆಲೋರಿ ಲೀಲ್‌ನ ಮೇಯರ್ ಆಗಿದ್ದ. ಪಿಯೇರ್‌ಗೂ ಊರಿನ ಪಕ್ಷದವರಿಗೂ ಮನಸ್ಸು ಮುರಿದಿತ್ತು, ಅವನು ಹೆಂಡತಿ ಮಗಳ ಜೊತೆ ಊರು ಬಿಟ್ಟು ಪ್ಯಾರಿಸ್ ಪಕ್ಕದ ಸೇಂಟ್ ಡೆನಿಸ್‌ಗೆ ಹೋಗಿಬಿಟ್ಟ. ಆಗ ಅಡಾಲ್ಫ್ ಮುಂದೆ ಬಂದು ‘ಆ ಧಾಟಿ ನನ್ನದು’ ಅಂದ. ಕೇಸು ಕೋರ್ಟಿಗೆ ಹೋಯಿತು. ವರ್ಷಗಟ್ಟಲೆ ನಡೆಯಿತು. 1914ರಲ್ಲಿ ತೀರ್ಪು ತಮ್ಮನ ಪರ ಬಂತು. ಅಣ್ಣ ಸೋತ.

1916ರಲ್ಲಿ ಅಡಾಲ್ಫ್ ನೇಣು ಹಾಕಿಕೊಂಡ. ಸಾಯುವ ಮುಂಚೆ, 1915ರಲ್ಲೇ, ಅಣ್ಣನಿಗೆ ಒಂದು ಕಾಗದ ಬರೆದಿಟ್ಟಿದ್ದ. ನಾನು ಯಾವತ್ತೂ ಸಂಗೀತ ರಚಿಸಿದವನಲ್ಲ, ಆ ಹಾಡನ್ನಂತೂ ಅಲ್ಲವೇ ಅಲ್ಲ, ದೆಲೋರಿ ಬಂದು ಬರೆದು ತಂದ ಹೇಳಿಕೆಗೆ ಸಹಿ ಹಾಕಿಸಿಕೊಂಡ, ನಾನು ಮುನ್ಸಿಪಾಲಿಟಿಯ ಕೆಲಸದಲ್ಲಿದ್ದೆ, ಇಲ್ಲ ಅನ್ನುವ ಧೈರ್ಯ ಬರಲಿಲ್ಲ ಅನ್ನುವುದು ಅದರ ತಿರುಳು. ಯುದ್ಧದ ಕಾಲ, ಲೀಲ್ ಜರ್ಮನರ ಕೈಯಲ್ಲಿತ್ತು, ಕಾಗದ ಅಣ್ಣನ ಕೈಸೇರುವ ಹೊತ್ತಿಗೆ ತಮ್ಮ ಇರಲಿಲ್ಲ. 1922ರಲ್ಲಿ ಕೋರ್ಟು ಹಳೆಯ ತೀರ್ಪು ತಿದ್ದಿ ಹಾಡು ಪಿಯೇರ್‌ನದ್ದೇ ಅಂದಿತು.

ನನಗೆ ಈ ಕತೆಯಲ್ಲಿ ತುಂಬಾ ನೋವು ಕೊಡುವವನು ಅಡಾಲ್ಫ್. ಅವನಿಗೆ ದುರಾಸೆ ಇತ್ತು ಅಂತ ಹೇಳಿ ಮುಗಿಸುವುದು ಸುಲಭ. ಆದರೆ ಆ ಕಾಗದ ಓದಿದರೆ ಕಾಣುವುದು, ಸಂಬಳ ಕೊಡುವವನೂ ಪಕ್ಷದ ಮುಖಂಡನೂ ಒಬ್ಬನೇ ಆದಾಗ ಒಬ್ಬ ಸಾಧಾರಣ ಕೆಲಸಗಾರ ಎಷ್ಟು ಅಸಹಾಯಕ ಆಗುತ್ತಾನೆ ಅನ್ನುವುದು. ಅಷ್ಟರಲ್ಲಿ, 1920ರ ಡಿಸೆಂಬರ್‌ನಲ್ಲಿ, ಫ್ರಾನ್ಸಿನ ಸಮಾಜವಾದಿ ಪಕ್ಷ ತೂರ್ ಪಟ್ಟಣದ ಸಮ್ಮೇಳನದಲ್ಲಿ ಎರಡು ಹೋಳಾಗಿತ್ತು. ದೆಲೋರಿ ಹಳೆಯ ಪಕ್ಷದಲ್ಲಿ ಉಳಿದ, ಪಿಯೇರ್ ಕಮ್ಯುನಿಸ್ಟರ ಜೊತೆ ಹೋದ. ಮಾಸ್ಕೋದವರು ಅವನನ್ನು ಕರೆಸಿ ಗೌರವಿಸಿದರು, ಪಿಂಚಣಿ ಕೊಟ್ಟರು. 1932ರಲ್ಲಿ ತೀರಿಕೊಂಡ. ಅಂದರೆ ಹಾಡು ಬರೆಸಿದವನೊಂದು ಪಕ್ಷ, ಹಾಡು ಕಟ್ಟಿದವನೊಂದು ಪಕ್ಷ, ಎರಡೂ ಪಕ್ಷದ ಸಭೆಯಲ್ಲಿ ಅದೇ ಹಾಡು. ನೀವು ಬೆಂಗಳೂರಿನಲ್ಲಿ ನೋಡಿದ್ದನ್ನು ಲೀಲ್‌ನವರು ನೂರು ವರ್ಷದ ಹಿಂದೆಯೇ ನೋಡಿದ್ದರು.

ಈಗ ಚರಣಗಳ ವಿಷಯಕ್ಕೆ ಬರುತ್ತೇನೆ. ಮೂಲದಲ್ಲಿ ಆರು ಚರಣ ಇವೆ. ನೀವು ಕೇಳಿದ್ದು ಎಷ್ಟು? ಬಹುಶಃ ಮೂರು. ಹೆಚ್ಚಿನ ಕಡೆ ಮೂರೇ ಹಾಡುತ್ತಾರೆ: ಮೊದಲನೆಯದು, ಎರಡನೆಯದು, ಆರನೆಯದು. 1902ರ ರಷ್ಯನ್ ಅನುವಾದದಲ್ಲಿ ಅರ್ಕಾದಿ ಕೋತ್ಸ್ ಆ ಮೂರನ್ನೇ ತೆಗೆದುಕೊಂಡ. 1910ರ ಜರ್ಮನ್ ಅನುವಾದದಲ್ಲೂ ಅವೇ ಮೂರು. ಉದ್ದ ಜಾಸ್ತಿ ಅನ್ನುವುದೂ ಒಂದು ಕಾರಣ ಇರಬಹುದು. ಆದರೆ ಬಿಟ್ಟ ಮೂರರಲ್ಲಿ ಐದನೆಯದು ಒಂದಿದೆಯಲ್ಲ, ಅದನ್ನು ಹಾಡುವುದು ಯಾವ ಕಾಲಕ್ಕೂ ಸುಲಭ ಇರಲಿಲ್ಲ.

ಐದನೇ ಚರಣ ಸೈನಿಕರಿಗೆ ಹೇಳಿದ್ದು. ಸೈನ್ಯದಲ್ಲೂ ಮುಷ್ಕರ ಹೂಡಿ, ಬಂದೂಕು ತಲೆಕೆಳಗು ಮಾಡಿ ಸಾಲು ಮುರಿಯಿರಿ, ನಮ್ಮನ್ನು ವೀರರನ್ನಾಗಿ ಮಾಡಲೇಬೇಕು ಅಂತ ಹಟ ಹಿಡಿದರೆ ಗುಂಡು ನಮ್ಮದೇ ಸೇನಾಪತಿಗಳ ಕಡೆ ತಿರುಗುತ್ತದೆ ಅನ್ನುವುದು ಅದರ ಮಾತು. ಪೊತಿಯೇ ಕಣ್ಣಾರೆ ನೋಡಿದ್ದು ಪ್ಯಾರಿಸ್ಸಿನವರನ್ನು ಕೊಂದದ್ದು ಪರದೇಶದ ಸೈನ್ಯ ಅಲ್ಲ, ತಮ್ಮದೇ ದೇಶದ ಸೈನ್ಯ. ಅದಕ್ಕೇ ಆ ಸಿಟ್ಟು. 1894ರಲ್ಲಿ ಅರ್ಮಾಂದ್ ಗೊಸ್ಲಿನ್ ಅನ್ನುವವನು ಆ ಚರಣ ಸೇರಿಸಿ ಹಾಡನ್ನು ಮತ್ತೆ ಅಚ್ಚು ಹಾಕಿಸಿದ್ದಕ್ಕೆ ಜೈಲಿಗೆ ಹೋದ.

1914ರ ಆಗಸ್ಟ್ 4ನೇ ತಾರೀಖು. ಯುದ್ಧ ಶುರುವಾಗಿದೆ. ಅಂದು ಬರ್ಲಿನ್ ಸಂಸತ್ತಿನಲ್ಲಿ ಜರ್ಮನ್ ಸಮಾಜವಾದಿಗಳು ಯುದ್ಧದ ಖರ್ಚಿಗೆ ಒಪ್ಪಿಗೆ ಕೊಟ್ಟರು. ಅದೇ ದಿನ ಪ್ಯಾರಿಸ್ಸಿನಲ್ಲಿ ಫ್ರೆಂಚ್ ಸಮಾಜವಾದಿಗಳೂ ಕೊಟ್ಟರು. ನಿನ್ನೆ ಮೊನ್ನೆಯವರೆಗೆ ಒಂದೇ ಸಭಾಂಗಣದಲ್ಲಿ ಕೈ ಕೈ ಹಿಡಿದು ಮನುಕುಲ ಒಂದಾಗಲಿ ಅಂತ ಹಾಡಿದ ಜನ ಒಬ್ಬರ ಮೇಲೊಬ್ಬರು ಗುಂಡು ಹಾರಿಸುವುದಕ್ಕೆ ಕೈ ಎತ್ತಿದರು. ಕಮ್ಯುನಿಸ್ಟರು ಮತ್ತು ಸಮಾಜವಾದಿಗಳು ಅಂತ ಲೋಕದ ಎಡಪಂಥ ಎರಡಾದ ದೊಡ್ಡ ಬಿರುಕಿನ ಬೇರು ಆ ದಿನದಲ್ಲಿದೆ. ಬಿಟ್ಟು ಹಾಡುತ್ತಿದ್ದ ಚರಣ ಯಾವುದು ಅಂತ ಈಗ ನೆನಪಿಸಿಕೊಳ್ಳಿ. ಅವರು ಅದನ್ನು ಗಟ್ಟಿಯಾಗಿ ಹಾಡಿದ್ದರೆ ಯುದ್ಧ ನಿಲ್ಲುತ್ತಿತ್ತು ಅಂತ ನಾನು ಹೇಳುವುದಿಲ್ಲ. ಆದರೆ ಆ ಪ್ರಶ್ನೆಯನ್ನು ಅವರು ಎದುರಿಸದೆ ಮುಂದಕ್ಕೆ ದೂಡಿಕೊಂಡು ಬಂದಿದ್ದರು.

ಎರಡನೇ ಚರಣದ ಕತೆ ಬೇರೆ. ಅದನ್ನು ಎಲ್ಲರೂ ಹಾಡಿದರು, ಹಾಡುತ್ತಲೇ ಅದಕ್ಕೆ ವಿರುದ್ಧ ನಡೆದರು. ನಮ್ಮನ್ನು ಉದ್ಧಾರ ಮಾಡುವವನು ಮೇಲಿಂದ ಯಾರೂ ಬರುವುದಿಲ್ಲ, ದೇವರೂ ಇಲ್ಲ, ಸಾಮ್ರಾಟನೂ ಇಲ್ಲ, ಭಾಷಣಕಾರ ನಾಯಕನೂ ಇಲ್ಲ, ನಾವೇ ನಮ್ಮನ್ನು ಬಿಡಿಸಿಕೊಳ್ಳಬೇಕು ಅನ್ನುತ್ತದೆ ಅದು. ರಷ್ಯನ್ನಿನಲ್ಲಿ ಅದು ‘ದೇವರಲ್ಲ, ಝಾರ್ ಅಲ್ಲ, ವೀರನೂ ಅಲ್ಲ’ ಅಂತ ಆಯಿತು. ಕ್ರಾಂತಿಯ ನಂತರ ಇದೇ ಹಾಡು ಅಲ್ಲಿನ ರಾಷ್ಟ್ರಗೀತೆ. ಸ್ಟಾಲಿನ್ ಕಾಲದಲ್ಲೂ ಅದನ್ನೇ ಹಾಡಿದರು. 1944ರಲ್ಲಿ ಅದನ್ನು ತೆಗೆದು ಹೊಸ ರಾಷ್ಟ್ರಗೀತೆ ತಂದರು. ಹೊಸದರಲ್ಲಿ ನಮ್ಮನ್ನು ಬೆಳೆಸಿದವನು ಸ್ಟಾಲಿನ್ ಅಂತ ಹೆಸರು ಹೇಳಿಯೇ ಹಾಡಬೇಕಿತ್ತು. ವೀರ ಯಾರೂ ಬೇಡ ಅಂದ ಗೀತೆ ಇಳಿಯಿತು, ಒಬ್ಬ ವೀರನ ಹೆಸರಿದ್ದ ಗೀತೆ ಏರಿತು. ಆ ದೇಶದಲ್ಲಿ ಆಗಿದ್ದೇನು ಅಂತ ಇದಕ್ಕಿಂತ ಚುಟುಕಾಗಿ ಹೇಳುವುದು ನನಗೆ ಗೊತ್ತಿಲ್ಲ.

ಚೀನಾದಲ್ಲಿ ಇನ್ನೂ ಎದ್ದು ಕಾಣುತ್ತದೆ. ಸಾಂಸ್ಕೃತಿಕ ಕ್ರಾಂತಿಯ ವರ್ಷಗಳಲ್ಲಿ ಅಲ್ಲಿ ಊರೂರಲ್ಲಿ ಮೊಳಗುತ್ತಿದ್ದ ‘ಪೂರ್ವ ಕೆಂಪಾಗಿದೆ’ ಹಾಡು ಮಾವೋನನ್ನು ಜನರ ಮಹಾ ಉದ್ಧಾರಕ ಅಂತ ಹೊಗಳುತ್ತದೆ. ಇಂಟರ್‌ನ್ಯಾಷನಲ್‌ನ ಚೀನೀ ರೂಪ ಉದ್ಧಾರಕ ಅನ್ನುವವನು ಯಾವತ್ತೂ ಇರಲಿಲ್ಲ ಅನ್ನುತ್ತದೆ. ಎರಡನ್ನೂ ಅದೇ ಜನ ಹಾಡುತ್ತಿದ್ದರು. 1989ರಲ್ಲಿ ತಿಯಾನನ್‌ಮೆನ್ ಚೌಕದಲ್ಲಿ ಸೇರಿದ ವಿದ್ಯಾರ್ಥಿಗಳು ಹಾಡಲು ಆರಿಸಿಕೊಂಡದ್ದು ಈ ಎರಡನೆಯದನ್ನು. ಕಮ್ಯುನಿಸ್ಟ್ ಸರ್ಕಾರದ ಎದುರು ಕಮ್ಯುನಿಸ್ಟರದೇ ಹಾಡು. ಸರ್ಕಾರ ಆ ಹಾಡನ್ನು ತಪ್ಪು ಅನ್ನುವ ಹಾಗೂ ಇರಲಿಲ್ಲ.

ಒಂದು ಪದದ ಬದಲಾವಣೆ ಹೇಳಿ ಈ ಭಾಗ ಬಿಡುತ್ತೇನೆ. ಕೋತ್ಸ್‌ನ ಪಲ್ಲವಿಯಲ್ಲಿ ‘ಇದು ಕೊನೆಯ ಹೋರಾಟ ಆಗಲಿದೆ’ ಅಂತ ಇತ್ತು. ರಾಷ್ಟ್ರಗೀತೆ ಆದಾಗ ಅದು ‘ಇದೇ ನಮ್ಮ ಕೊನೆಯ ಹೋರಾಟ’ ಅಂತ ಆಯಿತು. ಮುಂದೆ ಬರಬೇಕಾದದ್ದು ಈಗ ಬಂದುಬಿಟ್ಟಿದೆ ಅನ್ನುವವರು ಒಂದು ಕಡೆ, ಇನ್ನೂ ಬಂದಿಲ್ಲ ಅನ್ನುವವರು ಇನ್ನೊಂದು ಕಡೆ. ಇವತ್ತಿಗೂ ಎಡಪಂಥದ ಅರ್ಧ ವಾದ ಅದೇ ಅಲ್ವಾ? ಅಧಿಕಾರ ಸಿಕ್ಕಿದರೆ ಕ್ರಾಂತಿ ಆದ ಹಾಗೆಯಾ, ಇಲ್ಲವಾ ಅಂತ.

ಇನ್ನೊಂದು ಕತೆ ಹೇಳಲೇಬೇಕು, ಯಾಕೆಂದರೆ ಅಲ್ಲಿ ಹಾಡೇ ಒಂದು ಬಣದ ಹೆಸರಾಯಿತು. ಅಮೆರಿಕದಲ್ಲಿ 1905ರಲ್ಲಿ ಷಿಕಾಗೋದಲ್ಲಿ ಐಡಬ್ಲ್ಯೂಡಬ್ಲ್ಯೂ ಅನ್ನುವ ಕಾರ್ಮಿಕ ಸಂಘಟನೆ ಹುಟ್ಟಿತು. ಕಸುಬು, ಬಣ್ಣ, ಭಾಷೆ ಯಾವುದೂ ನೋಡದೆ ಎಲ್ಲ ಕೂಲಿಗಳಿಗೂ ಒಂದೇ ಸಂಘ ಅನ್ನುವುದು ಅದರ ಮಾತು. ಮೂರೇ ವರ್ಷಕ್ಕೆ ಜಗಳ ಬಂತು. ಡೇನಿಯಲ್ ಡಿ ಲಿಯಾನ್ ಅನ್ನುವ ಓದಿಕೊಂಡ ಮುಖಂಡ, ನ್ಯೂಯಾರ್ಕಿನವರು, ಕಾರ್ಮಿಕರಿಗೆ ಸಂಘವೂ ಬೇಕು ಪಕ್ಷವೂ ಬೇಕು, ಓಟಿನ ರಾಜಕೀಯ ಬಿಡಬಾರದು ಅಂತ ವಾದಿಸಿದರು. ಪಶ್ಚಿಮದ ಕಾಡು ಕಡಿಯುವವರು, ಗಣಿಯವರು, ಸುಗ್ಗಿಗೆ ಊರೂರು ಅಲೆಯುವ ಕೂಲಿಗಳು ಕೇಳಲಿಲ್ಲ. ಅವರಲ್ಲಿ ಎಷ್ಟೋ ಜನಕ್ಕೆ ಓಟೇ ಇರಲಿಲ್ಲ. ಒಂದು ಊರಲ್ಲಿ ನಿಂತು ವಾಸ ಮಾಡಿದರೆ ತಾನೇ ಓಟು!

1908ರ ಸಮ್ಮೇಳನಕ್ಕೆ ಪೋರ್ಟ್‌ಲ್ಯಾಂಡ್ ಕಡೆಯಿಂದ ಸುಮಾರು ಇಪ್ಪತ್ತು ಜನ ಹೊರಟರು, ಮುಂದಾಳು ಜೆ. ಎಚ್. ವಾಲ್ಷ್. ಟಿಕೆಟ್ಟಿಗೆ ಕಾಸಿಲ್ಲ, ಗೂಡ್ಸ್ ರೈಲಿನಲ್ಲಿ ಹತ್ತಿಕೊಂಡು ಹೋದರು. ಮೈಮೇಲೆ ನೀಲಿ ಡೆನಿಮ್ಮಿನ ಕೆಲಸದ ಬಟ್ಟೆ, ಕಪ್ಪು ಅಂಗಿ, ಕತ್ತಿಗೆ ಕೆಂಪು ಕರವಸ್ತ್ರ. ದಾರಿಯ ಊರುಗಳಲ್ಲಿ ಇಳಿದು ಬೀದಿಯಲ್ಲಿ ಹಾಡುವುದು, ಹಾಡಿನ ಹಾಳೆ ಮಾರುವುದು, ಆ ಕಾಸಿನಲ್ಲಿ ಊಟ. ಅವರ ಹಾಡುಗಳಲ್ಲೊಂದು ಚರ್ಚಿನ ಕೀರ್ತನೆಯ ಧಾಟಿಗೆ ಕೂರಿಸಿದ್ದು, ಕೆಲಸವಿಲ್ಲದ ಅಲೆಮಾರಿಯ ಬಾಯಲ್ಲಿ ಹೇಳಿಸಿದ್ದು. ಅಲೆಮಾರಿಗೆ ಅಲ್ಲಿನ ಬೀದಿ ಮಾತಿನಲ್ಲಿ ‘ಬಮ್’ ಅನ್ನುತ್ತಾರೆ. ಡಿ ಲಿಯಾನ್‌ಗೆ ಇದು ಸಹಿಸಲಾಗಲಿಲ್ಲ. ಅವರು ಆ ಹಾಡನ್ನೇ ಹಿಡಿದು ಇಡೀ ಗುಂಪಿಗೆ ‘ಬಮ್ಮರಿ’ ಅಂತ ಹೆಸರಿಟ್ಟು ಹಳಿದರು. ಆದರೆ ಸಮ್ಮೇಳನದಲ್ಲಿ ಸೋತದ್ದು ಡಿ ಲಿಯಾನ್. ಸಂಘಟನೆಯ ಪೀಠಿಕೆಯಿಂದ ರಾಜಕೀಯದ ಮಾತು ತೆಗೆದರು. ಅವರು ಹೊರಗೆ ಹೋಗಿ ಬೇರೆ ಬಣ ಕಟ್ಟಿದರು.

ಓಟಿನ ರಾಜಕೀಯ ಪೂರ್ತಿ ಬಿಟ್ಟದ್ದು ಸರಿಯಾ ಅಂದರೆ ನನಗೆ ಅನುಮಾನ ಇದೆ. ಡಿ ಲಿಯಾನ್ ಮಾತಿನಲ್ಲಿ ತೂಕ ಇತ್ತು. ಆದರೆ ಅವರು ವಾದಕ್ಕೆ ಉತ್ತರ ಕೊಡುವ ಬದಲು ಆ ಜನರ ಬಟ್ಟೆಯನ್ನೂ ಹಾಡನ್ನೂ ಹೀಯಾಳಿಸಿದರು. ಅಲ್ಲಿ ಅವರು ಸೋತರು ಅಂತ ನನ್ನ ಲೆಕ್ಕ. ಮರುವರ್ಷ, 1909ರಲ್ಲಿ, ಅದೇ ಪಶ್ಚಿಮದ ಜನ ಸ್ಪೋಕೇನ್‌ನಲ್ಲಿ ಅಂಗಿ ಜೇಬಿಗೆ ಹಿಡಿಸುವಂಥ ಕೆಂಪು ರಟ್ಟಿನ ಹಾಡಿನ ಪುಸ್ತಕ ತಂದರು. ಅದು ಇವತ್ತಿಗೂ ಅಚ್ಚಾಗುತ್ತಿದೆ. ಆ ಪುಸ್ತಕಕ್ಕೆ ಹಾಡು ಬರೆದವರಲ್ಲಿ ಹೆಸರಾದವನು ಜೋ ಹಿಲ್, ಸ್ವೀಡನ್ನಿನಿಂದ ಬಂದ ಕೂಲಿ. ಕರಪತ್ರ ಎಷ್ಟೇ ಚೆನ್ನಾಗಿರಲಿ ಒಂದು ಸಲ ಓದುತ್ತಾರೆ, ಹಾಡಾದರೆ ಬಾಯಿಪಾಠ ಮಾಡಿ ಮತ್ತೆ ಮತ್ತೆ ಹಾಡುತ್ತಾರೆ ಅನ್ನುವುದು ಅವನ ತಿಳಿವಳಿಕೆ. ಕೊಲೆ ಆರೋಪ ಹೊರಿಸಿ 1915ರ ನವೆಂಬರ್ 19ರಂದು ಯೂಟಾದಲ್ಲಿ ಅವನನ್ನು ಗುಂಡಿಟ್ಟು ಕೊಂದರು.

ಜರ್ಮನಿಯ ಕತೆ ನೆನೆದರೆ ಸಂಕಟ ಆಗುತ್ತದೆ. ಅಲ್ಲಿ ಹಾಡುವ ತಂಡಗಳೇ ಒಡೆದವು. ಸಾವಿರಾರು ಕೆಲಸಗಾರರು ಸೇರಿದ್ದ ಕಾರ್ಮಿಕ ಗಾಯಕರ ಒಕ್ಕೂಟದಿಂದ ಕಮ್ಯುನಿಸ್ಟ್ ತಂಡಗಳು ಹೊರಬಂದು 1931ರಲ್ಲಿ ತಮ್ಮದೇ ಬೇರೆ ಒಕ್ಕೂಟ ಮಾಡಿಕೊಂಡವು. ಅದಕ್ಕೆ ಎರಡು ವರ್ಷ ಮುಂಚೆ, 1929ರ ಮೇ ದಿನ, ಬರ್ಲಿನ್‌ನಲ್ಲಿ ಸೋಷಿಯಲ್ ಡೆಮಾಕ್ರಟಿಕ್ ಪಕ್ಷದವನೇ (ಮೇಲೆ ಹೇಳಿದ ಜರ್ಮನ್ ಸಮಾಜವಾದಿಗಳ ಪಕ್ಷ ಅದು) ಮುಖ್ಯಸ್ಥನಾಗಿದ್ದ ಪೊಲೀಸು ನಿಷೇಧ ಮುರಿದು ಬೀದಿಗಿಳಿದ ಕಮ್ಯುನಿಸ್ಟ್ ಮೆರವಣಿಗೆಗಳ ಮೇಲೆ ನುಗ್ಗಿತ್ತು. ಕೆಲವೇ ದಿನಗಳಲ್ಲಿ ಮೂವತ್ತಕ್ಕೂ ಹೆಚ್ಚು ಜನ ಸತ್ತರು. ಇನ್ನೊಂದು ಕಡೆ ಕಮ್ಯುನಿಸ್ಟರು ಸೋಷಿಯಲ್ ಡೆಮಾಕ್ರಟರನ್ನು ಫ್ಯಾಸಿಸ್ಟರ ಜೊತೆಗೇ ಸೇರಿಸಿ ಬೈಯುತ್ತಿದ್ದರು. 1933ರಲ್ಲಿ ಹಿಟ್ಲರ್ ಬಂದ, ಇಬ್ಬರನ್ನೂ ಒಂದೇ ಜೈಲಿಗೆ ಹಾಕಿದ. ಕವಿ ಬ್ರೆಖ್ಟ್ ಮತ್ತು ಸಂಗೀತಗಾರ ಐಸ್ಲರ್ ಸೇರಿ ‘ಕೆಲಸಗಾರರ ಸಂಯುಕ್ತ ರಂಗಕ್ಕೆ ಬಾ, ನೀನೂ ಕೆಲಸಗಾರನೇ’ ಅಂತ ಕರೆಯುವ ಹಾಡು ಮಾಡಿದ್ದು 1934ರ ಕೊನೆಯಲ್ಲಿ. ಒಳ್ಳೆಯ ಹಾಡು, ಕಾಲು ತಾನಾಗಿ ಹೆಜ್ಜೆ ಹಾಕುತ್ತದೆ. ಆದರೆ ಹೊತ್ತು ಮೀರಿತ್ತು. ಅದನ್ನು ಬರೆಯುವಾಗ ಇಬ್ಬರೂ ದೇಶ ಬಿಟ್ಟು ಪರಊರಿನಲ್ಲಿದ್ದರು.

ನಮ್ಮ ದೇಶಕ್ಕೆ ಬರೋಣ. ಇಂಟರ್‌ನ್ಯಾಷನಲ್ ಅನ್ನು ಬಂಗಾಳಿಗೆ 1927ರಲ್ಲಿ ಕವಿ ಕಾಜಿ ನಜ್ರುಲ್ ಇಸ್ಲಾಂ ತಂದರು. ಹಿಂದಿ ರೂಪ ಹರೀಂದ್ರನಾಥ ಚಟ್ಟೋಪಾಧ್ಯಾಯರದ್ದು. ಅವರನ್ನು ಮದುವೆಯಾಗಿದ್ದ ಕಮಲಾದೇವಿ ನಮ್ಮ ಮಂಗಳೂರಿನವರು, ಕಾಂಗ್ರೆಸ್ ಸೋಷಿಯಲಿಸ್ಟ್ ಪಕ್ಷದ ದೊಡ್ಡ ಮುಖಂಡರು. ಆ ಪಕ್ಷದಲ್ಲಿ ಮೊದಲು ಕಮ್ಯುನಿಸ್ಟರೂ ಇದ್ದರು, 1940ರಲ್ಲಿ ಅವರನ್ನು ಹೊರಗೆ ಹಾಕಿದರು. ಆಮೇಲೆ 1941ರ ಜೂನ್ 22ರಂದು ಹಿಟ್ಲರ್ ರಷ್ಯಾದ ಮೇಲೆ ಬಿದ್ದ. ಅಲ್ಲಿಯವರೆಗೆ ಇದು ಸಾಮ್ರಾಜ್ಯಶಾಹಿಗಳ ಯುದ್ಧ ಅನ್ನುತ್ತಿದ್ದ ಕಮ್ಯುನಿಸ್ಟರು ಇದು ಜನಯುದ್ಧ ಅಂದರು. 1942ರಲ್ಲಿ ಸಮಾಜವಾದಿಗಳು ‘ಬ್ರಿಟಿಷರೇ ಭಾರತ ಬಿಟ್ಟು ತೊಲಗಿ’ ಚಳವಳಿಗೆ ಧುಮುಕಿದಾಗ ಕಮ್ಯುನಿಸ್ಟರು ಅದಕ್ಕೆ ಸೇರಲಿಲ್ಲ. ಆ ಗಾಯ ನಮ್ಮ ಹಳೆಯ ಸಮಾಜವಾದಿಗಳ ಮನಸ್ಸಿನಲ್ಲಿ ಕೊನೆಯವರೆಗೂ ಮಾಗಲಿಲ್ಲ. ಇದು ಇಲ್ಲಿ ಮಾತ್ರ ಆದದ್ದಲ್ಲ. ಅಮೆರಿಕದಲ್ಲಿ ಜಾನಪದ ಗಾಯಕ ಪೀಟ್ ಸೀಗರ್ ಇದ್ದ ಆಲ್ಮನಾಕ್ ಸಿಂಗರ್ಸ್ ತಂಡ 1941ರಲ್ಲಿ ಯುದ್ಧದ ವಿರುದ್ಧ ಹಾಡುಗಳ ರೆಕಾರ್ಡ್ ತಂದು, ಜೂನ್ 22ರ ನಂತರ ಅದನ್ನು ಹಿಂದಕ್ಕೆ ತೆಗೆದುಕೊಂಡು, 1942ರಲ್ಲಿ ಯುದ್ಧದ ಪರವಾಗಿ ಇನ್ನೊಂದು ರೆಕಾರ್ಡ್ ತಂದಿತು.

ಆದರೆ ಅದೇ ಜನಯುದ್ಧದ ದಿನಗಳಲ್ಲೇ ಇಪ್ಟಾ, ಅಂದರೆ ಎಡಪಂಥದ ಕಲಾವಿದರ ಜನನಾಟಕ ಸಂಘ, ಹುಟ್ಟಿತು ಅನ್ನುವುದನ್ನೂ ಹೇಳಬೇಕು. ಶ್ರೀಲಂಕಾದ ಅನಿಲ್ ಡಿ ಸಿಲ್ವಾ ಅನ್ನುವ ಹೆಣ್ಣುಮಗಳು 1941ರಲ್ಲಿ ಮೊದಲ ಘಟಕ ಕಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ. 1943ರ ಮೇನಲ್ಲಿ ಮುಂಬೈಯಲ್ಲಿ ಅದು ಇಡೀ ದೇಶದ ಸಂಘಟನೆ ಆಯಿತು. ಪಕ್ಷದ ನಿಲುವು ಸರಿಯೋ ತಪ್ಪೋ, ಬಂಗಾಳದ ಬರಗಾಲದಲ್ಲಿ ಜನ ಸಾಯುತ್ತಿದ್ದಾಗ ಊರೂರು ತಿರುಗಿ ಹಾಡಿ ದುಡ್ಡು ಎತ್ತಿದವರು ಅವರು.

ಮುಂಬೈ ಅಂದಾಗ ಅಣ್ಣಾಭಾವು ಸಾಠೆ ನೆನಪಾಗುತ್ತಾರೆ. ಮಾಂಗ್ ಜಾತಿಯಲ್ಲಿ ಹುಟ್ಟಿ, ಮುಂಬೈಗೆ ಬಂದು ಗಿರಣಿ ಕಾರ್ಮಿಕರ ನಡುವೆ ಬೆಳೆದು, 1944ರಲ್ಲಿ ಅಮರ್ ಶೇಖ್, ಗವಾಣಕರ್ ಜೊತೆ ಕೆಂಬಾವುಟದ ಕಲಾತಂಡ ಕಟ್ಟಿದವರು. ಅವರ ಪಕ್ಷ ವರ್ಗದ ಮಾತು ಹೇಳುತ್ತಿತ್ತು. ಅವರು ಕೆಂಬಾವುಟ ಬಿಡದೆಯೇ, ಜಗತ್ತನ್ನು ಬದಲಿಸು ಅಂತ ಭೀಮರಾಯರು ನನಗೆ ಹೇಳಿ ಹೋದರು ಅಂತ ಅಂಬೇಡ್ಕರರನ್ನು ಹಾಡಿದರು. ಜಾತಿಯೋ ವರ್ಗವೋ ಅನ್ನುವ ಜಗಳದ ಎರಡೂ ಬದಿ ಒಬ್ಬನೇ ಮನುಷ್ಯನ ಗಂಟಲಲ್ಲಿ ಇತ್ತು. ಅವರ ಇನ್ನೊಂದು ಹೆಸರಾಂತ ಹಾಡು, ಊರಲ್ಲೇ ಉಳಿದ ಹೆಂಡತಿಯನ್ನು ನೆನೆಯುವ ಗಿರಣಿ ಕೆಲಸಗಾರನದ್ದು, ಕೊನೆಗೆ ಸಂಯುಕ್ತ ಮಹಾರಾಷ್ಟ್ರದ ಬೇಡಿಕೆಗೆ ತಿರುಗಿ ಬೆಳಗಾವಿ, ಕಾರವಾರಗಳ ಹೆಸರನ್ನೂ ಹೇಳುತ್ತದೆ. ಕನ್ನಡದ ಕಾರ್ಮಿಕ ಅದನ್ನು ಕೇಳುವಾಗ ಮೊದಲ ಅರ್ಧಕ್ಕೆ ಕಣ್ಣು ತುಂಬಿಕೊಂಡು ಎರಡನೇ ಅರ್ಧಕ್ಕೆ ತಕರಾರು ತೆಗೆಯಬೇಕಾಗುತ್ತದೆ. ನನಗೆ ಹಾಗೇ ಆಗುತ್ತದೆ.

ನೀವು ನೋಡಿದ ಎರಡು ಮೆರವಣಿಗೆಗೆ ನೇರ ಕಾರಣ ಆಮೇಲಿನದು. 1964ರಲ್ಲಿ ಕಮ್ಯುನಿಸ್ಟ್ ಪಕ್ಷ ಒಡೆಯಿತು. ಕಾರ್ಮಿಕ ಸಂಘ, 1920ರಲ್ಲಿ ಹುಟ್ಟಿದ ಎಐಟಿಯುಸಿ, ಇನ್ನಾರು ವರ್ಷ ಹೇಗೋ ಒಟ್ಟಿಗಿತ್ತು. 1970ರಲ್ಲಿ ಅದೂ ಒಡೆದು ಸಿಐಟಿಯು ಅನ್ನುವ ಇನ್ನೊಂದು ಕಾರ್ಮಿಕ ಸಂಘ ಬಂತು. ಕಾಂಗ್ರೆಸ್ ಜೊತೆ ಹೇಗಿರಬೇಕು, ರಷ್ಯಾ ಚೀನಾ ಜಗಳದಲ್ಲಿ ಏನನ್ನಬೇಕು ಅನ್ನುವಂಥ ಪ್ರಶ್ನೆಗಳು. ಅವು ಸುಮ್ನೆ ಎದ್ದ ಜಗಳಗಳಲ್ಲ. ಆದರೆ ಇವತ್ತು ನಿಮ್ಮ ಲೈನಿನಲ್ಲಿ ಪ್ರೊಡಕ್ಷನ್ ಟಾರ್ಗೆಟ್ ಏರಿಸಿದಾಗ ಅವು ಉತ್ತರ ಕೊಡುವುದಿಲ್ಲ, ಅದು ಆ ಮುಖಂಡರಿಗೂ ಗೊತ್ತು. ಬೇಕಾದಾಗ ಒಟ್ಟಿಗೆ ನಿಲ್ಲುತ್ತಾರೆ ಕೂಡ. 1980ರ ಡಿಸೆಂಬರ್ ಕೊನೆಯಿಂದ ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳಲ್ಲಿ 77 ದಿನ ಮುಷ್ಕರ ನಡೆಯಿತು. ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿ, ಬಿಇಎಂಎಲ್‌ಗಳ ಒಂದು ಲಕ್ಷಕ್ಕೂ ಹೆಚ್ಚು ಜನ ಜಂಟಿ ಸಮಿತಿಯ ಕೆಳಗೆ ಹೊರಗೆ ನಿಂತರು.

ಕನ್ನಡದಲ್ಲೂ ಇದೇ ಆಗಿದೆ. 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯ ಜೊತೆ ಬೆಳೆದ ಸಿದ್ಧಲಿಂಗಯ್ಯನವರ ಹಾಡುಗಳನ್ನು ದಲಿತ ಸಂಘಟನೆಗಳು, ರೈತ ಸಂಘ, ಎಡಪಕ್ಷಗಳ ಕಲಾತಂಡಗಳು ಎಲ್ಲರೂ ಹಾಡಿದರು. ನಲವತ್ತೇಳರ ಸ್ವಾತಂತ್ರ್ಯ ಯಾರಿಗೆ ಬಂತು ಅಂತ ಕೇಳುವ ಹಾಡು ಬಾರದ ಹೋರಾಟಗಾರರು ನಮ್ಮಲ್ಲಿ ಕಡಿಮೆ. ಸಂಘರ್ಷ ಸಮಿತಿಯೇ ಆಮೇಲೆ ಹಲವು ಬಣ ಆಯಿತು. ಹಾಡು ಯಾವ ಬಣಕ್ಕೂ ಸೇರದೆ ಎಲ್ಲರ ಬಾಯಲ್ಲೂ ಉಳಿಯಿತು. ಹಾಡಿಗೆ ಸದಸ್ಯತ್ವದ ರಸೀದಿ ಬೇಕಾಗುವುದಿಲ್ಲ.

ಈಗ ನಿಮ್ಮ ಕಾರ್ಯಕ್ರಮ. ‘ಇದು ನಮ್ಮದು’ ಅಂತ ಯಾರಾದರೂ ಅಂದರೆ ಅಡಾಲ್ಫ್‌ನ ಕಾಗದದ ಕತೆ ಹೇಳಿ. ಹಾಡಿಸುವಾಗ ಎರಡೂ ಕಡೆಯವರನ್ನು ಎರಡು ಗುಂಪಾಗಿ ನಿಲ್ಲಿಸಬೇಡಿ, ಬೆರೆಸಿ ನಿಲ್ಲಿಸಿ. ಇವರ ಅನುವಾದ ಬೇರೆ, ಅವರದ್ದು ಬೇರೆ ಇದ್ದರೆ ಹಿಂದಿನ ಸಂಜೆಯೇ ಇಬ್ಬರನ್ನೂ ಕೂರಿಸಿ ಒಂದೇ ಅನುವಾದ ಒಪ್ಪಿಕೊಳ್ಳುವ ಹಾಗೆ ಮಾಡಿ, ಅದನ್ನು ದೊಡ್ಡ ಅಕ್ಷರದಲ್ಲಿ ಜೆರಾಕ್ಸ್ ಮಾಡಿ ಹಂಚಿ. ಎರಡನೇ ಚರಣ, ಉದ್ಧಾರಕ ಯಾರೂ ಇಲ್ಲ ಅನ್ನುವುದು, ಅದನ್ನು ಮಾತ್ರ ಬಿಡಬೇಡಿ. ಆ ಚರಣಕ್ಕೆ ವೇದಿಕೆಯ ಮೇಲಿನ ಮುಖಂಡರೂ ಕೆಳಗಿಳಿದು ನಿಮ್ಮ ಜೊತೆ ನಿಂತು ಹಾಡಲಿ ಅಂತ ಕೇಳಿ, ಬರುತ್ತಾರೆ. ಐದನೆಯದನ್ನು ಹಾಡದಿದ್ದರೂ ಅದು ಯಾಕೆ ಹುಟ್ಟಿತು ಅಂತ ಯಾರಾದರೊಬ್ಬರು ಎರಡು ನಿಮಿಷ ಹೇಳಲಿ.

ಇನ್ನೊಂದು ಮಾತು, ಇದು ಹಾಡುವವನಾಗಿ. ಪಲ್ಲವಿಗೆ ಬಂದಾಗ ಧಾಟಿ ಮೇಲಕ್ಕೆ ಏರುತ್ತದೆ. ಗಂಡಸರು ಉತ್ಸಾಹದಲ್ಲಿ ಎತ್ತರದ ಶ್ರುತಿಯಲ್ಲಿ ಶುರು ಮಾಡಿಬಿಡುತ್ತಾರೆ, ಪಲ್ಲವಿಯ ಹೊತ್ತಿಗೆ ಅರ್ಧ ಜನ ಬಾಯಿ ಮುಚ್ಚುತ್ತಾರೆ. ನಿಮ್ಮಲ್ಲಿ ಹೆಣ್ಣುಮಕ್ಕಳೇ ಜಾಸ್ತಿ. ಅವರಲ್ಲಿ ಗಟ್ಟಿ ಗಂಟಲಿನ ಒಬ್ಬರು ಮೊದಲ ಸಾಲು ಎತ್ತಿಕೊಡಲಿ, ಅವರಿಗೆ ಹಿತವಾದ ಶ್ರುತಿಯಲ್ಲಿ. ಶಿಫ್ಟ್ ಮುಗಿದ ಮೇಲೆ ಗೇಟಿನ ಹೊರಗೆ ನಿಂತು ಎರಡು ದಿನ ಅಭ್ಯಾಸ ಮಾಡಿದರೆ ಸಾಕು.